ಜೇಬಿನ ಕ್ಯಾಮೆರಾ ಮತ್ತು ಸೋಮನಾಥಪುರದ ಉತ್ತರ ಗೋಡೆ

ಸೋಮನಾಥಪುರದ ಕೇಶವ ದೇವಾಲಯ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆ ಸುದ್ದಿ ಓದಿದ ನಮ್ಮ ಕಡೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿಗೆ, ತಾವು ಪಾಠ ಮಾಡಿದ ಶಾಲೆಯ ಗೋಡೆಗೆ ಆ ಗುಡಿಯ ಚಿತ್ರಗಳನ್ನು ತೂಗುಹಾಕಬೇಕು ಎಂಬ ಹುಕಿ ಬಂತು. ಎ2 ಅಳತೆಯ ಆರು ಫಲಕ. ಒಂದರಲ್ಲಿ ಗುಡಿಯ ತಳವಿನ್ಯಾಸದ ನಕ್ಷೆ. ಅದನ್ನು ಅವರೇ ಬರೆಯುತ್ತಾರೆ. ಉಳಿದ ಐದು ನನ್ನ ಪಾಲಿಗೆ: ಮುಂಭಾಗದ ಪೂರ್ಣ ನೋಟ, ಒಂದು ಭುವನೇಶ್ವರಿ (ಒಳಗಿನ ಸೂರಿನ ಕೆತ್ತನೆ), ವೇಣುಗೋಪಾಲ, ಶಿಲ್ಪಿ ಮಲ್ಲಿತಮ್ಮನ ಸಹಿ, ಉತ್ತರ ಗೋಡೆಯ ಮಹಾಭಾರತದ ಪಟ್ಟಿಕೆ (ಗೋಡೆಯುದ್ದಕ್ಕೂ ಸಾಗುವ ಕೆತ್ತನೆಯ ಸಾಲು). ಜೂನ್‌ನಲ್ಲಿ ಮಕ್ಕಳು ಬರುವ ಹೊತ್ತಿಗೆ ಫಲಕಗಳು ಗೋಡೆಯ ಮೇಲಿರಬೇಕು.

ನನ್ನ ಹತ್ತಿರ ಇದ್ದದ್ದು ಒಂದೇ ಕ್ಯಾಮೆರಾ: 2012ರಲ್ಲಿ ಬಂದ ಮೊದಲ ಸೋನಿ ಆರ್‌ಎಕ್ಸ್100. ಅಂಗಿ ಜೇಬಿಗೆ ಹಿಡಿಯುತ್ತದೆ, ತೂಕ ಕಾಲು ಕೆಜಿಯೊಳಗೆ. ಒಂದು ಇಂಚಿನದು ಎಂದು ಕರೆಯುವ ಸೆನ್ಸರ್, 20 ಮೆಗಾಪಿಕ್ಸೆಲ್, ದೊಡ್ಡ ಕ್ಯಾಮೆರಾದ ಲೆಕ್ಕದಲ್ಲಿ 28ರಿಂದ 100 ಮಿಮೀವರೆಗಿನ ಜೂಮ್. "ಇಷ್ಟು ಚಿಕ್ಕ ಡಬ್ಬಿಯಲ್ಲಿ ಎ2 ಬರುತ್ತದೆಯೇ?" ಎಂದು ಮೇಷ್ಟ್ರು ಕೇಳಿದರು. ಬರುತ್ತದೆ ಎಂದೆ. ಆ ವಿಷಯದಲ್ಲಿ ನನ್ನ ಮಾತು ಸುಳ್ಳಾಗಲಿಲ್ಲ. ಸುಳ್ಳಾದದ್ದು "ಒಂದು ದಿನ ಸಾಕು" ಎಂದದ್ದು. ಮೂರು ಸಲ ಹೋಗಬೇಕಾಯಿತು.

ಡಿಸೆಂಬರಿನ ಮೊದಲ ಸುತ್ತು

ಮೈಸೂರಿನಿಂದ ಸುಮಾರು 35 ಕಿಮೀ. ನಾನು ತಲುಪುವಾಗ ಮಧ್ಯಾಹ್ನ ಹನ್ನೆರಡು. ಇದೇ ಮೊದಲ ತಪ್ಪು. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಕಳೆದರೆ ಮುಂಭಾಗವೆಲ್ಲ ನೆರಳು, ಹಿಂದಿನ ಆಕಾಶ ಸುಣ್ಣ ಬಳಿದಂತೆ ಬಿಳಿ. ಡಿಸೆಂಬರಿನ ನಡುಹಗಲಲ್ಲಿ ಅಲ್ಲಿ ಸೂರ್ಯ ದಕ್ಷಿಣದ ಕಡೆ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣ ಗೋಡೆಯ ದೊಡ್ಡ ವಿಗ್ರಹಗಳಿಗೆ ಬಿಸಿಲೇನೋ ಬೀಳುತ್ತದೆ, ಆದರೆ ಹೊಯ್ಸಳರ ಈ ಬಗೆಯ ಗುಡಿಗಳಲ್ಲಿ ವಿಗ್ರಹಗಳ ನೆತ್ತಿಯ ಮೇಲೆ ಒಂದು ಚಜ್ಜಾ ಇರುತ್ತದೆ, ಅದರ ನೆರಳು ಸರಿಯಾಗಿ ದೇವರ ಮುಖಕ್ಕೆ ಕತ್ತರಿ ಹಾಕುತ್ತದೆ. ಹೊಟ್ಟೆಗೆ ಬಿಸಿಲು, ಮುಖಕ್ಕೆ ಕತ್ತಲೆ. ನೆರಳನ್ನು ಎಡಿಟಿಂಗ್‌ನಲ್ಲಿ ಎತ್ತಿ ನೋಡಿದೆ. ಮುಖ ಕಂಡಿತು, ಆದರೆ ಮುಖಕ್ಕೊಂದು ಬಣ್ಣ, ಮೈಗೊಂದು ಬಣ್ಣ.

ಉತ್ತರ ಗೋಡೆಯದು ಇನ್ನೊಂದು ಕಥೆ. ಈ ಗುಡಿಯಲ್ಲಿ ಕಥನ ಪಟ್ಟಿಕೆ ದಕ್ಷಿಣದಲ್ಲಿ ರಾಮಾಯಣ, ಹಿಂದೆ ಪಶ್ಚಿಮದಲ್ಲಿ ಭಾಗವತ, ಉತ್ತರದಲ್ಲಿ ಮಹಾಭಾರತ. ಚಳಿಗಾಲದಲ್ಲಿ ನೇರ ಉತ್ತರಕ್ಕೆ ತಿರುಗಿದ ಗೋಡೆಗೆ ಇಡೀ ದಿನ ಬಿಸಿಲು ತಾಗುವುದಿಲ್ಲ. ಅಲ್ಲಿರುವುದು ನೀಲಿ ಆಕಾಶದಿಂದ ಇಳಿದ ಬೆಳಕು ಮಾತ್ರ, ಎಲ್ಲ ಕಡೆಯಿಂದಲೂ ಸಮವಾಗಿ ಬರುವಂಥದ್ದು. ಎರಡು ಬೆರಳು ಆಳಕ್ಕೆ ಕೊರೆದ ಆನೆ, ರಥ, ಬಿಲ್ಲುಗಾರರೆಲ್ಲ ಕಾಗದದಿಂದ ಕತ್ತರಿಸಿ ಅಂಟಿಸಿದಂತೆ ಚಪ್ಪಟೆಯಾಗಿ ಬಂದವು. ಮನೆಗೆ ಬಂದು ಕಾಂಟ್ರಾಸ್ಟ್ ಏರಿಸಿದೆ, ಕ್ಲಾರಿಟಿ ಏರಿಸಿದೆ. ಬಳಪದ ಕಲ್ಲು ಇದ್ದಿಲಿನಂತಾಯಿತು. ಉಬ್ಬಿಗೂ ತಗ್ಗಿಗೂ ಇರುವ ವ್ಯತ್ಯಾಸ ಬೆಳಕಿನಲ್ಲೇ ಇರಲಿಲ್ಲ. ಇಲ್ಲದ್ದನ್ನು ಸ್ಲೈಡರ್ ಎಲ್ಲಿಂದ ತರಬೇಕು? ಅದು ಹೆಚ್ಚಿಸಿದ್ದು ಕಲ್ಲಿನ ಮೇಲಿನ ಕಲೆ, ಪಾಚಿ, ಮಳೆನೀರಿನ ಗೆರೆಗಳನ್ನು.

ಆ ದಿನ ತಂದ 212 ಚಿತ್ರಗಳಲ್ಲಿ ಫಲಕಕ್ಕೆ ಹೋದದ್ದು ಒಂದೂ ಇಲ್ಲ. ಆದರೆ ಮುಂಭಾಗದ ನೋಟದಿಂದ ಒಂದು ಪಾಠ ಸಿಕ್ಕಿತು, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಗೋಪುರ ದಪ್ಪಗಾದದ್ದು

ಮಹಾದ್ವಾರ ದಾಟಿ ಒಳಗೆ ಬಂದರೆ ಗುಡಿ ಒಮ್ಮೆಲೇ ಎದುರಾಗುತ್ತದೆ. ಗೋಪುರಗಳನ್ನೆಲ್ಲ ಹಿಡಿಸಲು ಕೈ ತಾನಾಗಿಯೇ ಕ್ಯಾಮೆರಾವನ್ನು ಮೇಲಕ್ಕೆತ್ತುತ್ತದೆ. ಎತ್ತಿದ ಕೂಡಲೇ ಕಂಬಗಳು ಒಳಕ್ಕೆ ವಾಲುತ್ತವೆ, ಗುಡಿ ಹಿಂದಕ್ಕೆ ಒರಗಿ ಕುಳಿತಂತೆ ಕಾಣುತ್ತದೆ. ಇದು ಎಲ್ಲರಿಗೂ ಗೊತ್ತಿರುವ ತೊಂದರೆ, ಸರಿಪಡಿಸುವ ಸಾಧನವೂ ಚಿತ್ರ ತಿದ್ದುವ ಬಹುತೇಕ ತಂತ್ರಾಂಶಗಳಲ್ಲಿದೆ. ನಾನು ಬಳಸುವುದು ಡಾರ್ಕ್‌ಟೇಬಲ್, ದುಡ್ಡಿಲ್ಲದೆ ಸಿಗುವಂಥದ್ದು. ಅದರಲ್ಲಿ ಚಿತ್ರದೊಳಗಿನ ಗೆರೆಗಳನ್ನು ತಾನೇ ಹುಡುಕಿ ನೆಟ್ಟಗೆ ಮಾಡುವ ಗುಂಡಿಯೊಂದಿದೆ. ಒತ್ತಿದೆ.

ಚಿತ್ರ ನೆಟ್ಟಗಾಯಿತು. ಆದರೆ ಗುಡಿ ಬೇರೆಯದಾಯಿತು. ಗೋಪುರಗಳ ನೆತ್ತಿ ಊದಿಕೊಂಡು, ಗಡಿಗೆ ಹೊತ್ತವರಂತೆ ಕಂಡವು. ಕಾರಣ ತಿಳಿಯಲು ಒಂದು ಸಂಜೆ ಬೇಕಾಯಿತು. ತಂತ್ರಾಂಶ ಅಪಾರ್ಟ್‌ಮೆಂಟು ನೋಡಿ ಬೆಳೆದ ಜೀವ. ಮೇಲಕ್ಕೆ ಹೋಗುತ್ತಾ ಹತ್ತಿರವಾಗುವ ಎರಡು ಗೆರೆ ಕಂಡರೆ ಕ್ಯಾಮೆರಾ ವಾಲಿದೆ ಎಂದುಕೊಳ್ಳುತ್ತದೆ. ಶಿಖರ ಹುಟ್ಟಿದ್ದೇ ಮೇಲಕ್ಕೆ ಕಿರಿದಾಗಲು ಎಂದು ಅದಕ್ಕೆ ಗೊತ್ತಿಲ್ಲ. ಶಿಲ್ಪಿ ಕೊಟ್ಟ ಓರೆಯನ್ನೂ ನನ್ನ ಕೈಯ ಓರೆಯನ್ನೂ ಒಂದೇ ಲೆಕ್ಕಕ್ಕೆ ಸೇರಿಸಿ ತಿದ್ದಿಬಿಟ್ಟಿತು. ಅಡ್ಡ ಗೆರೆಗಳದೂ ಅದೇ ಪಾಡು. ಮೂರೂ ಗರ್ಭಗುಡಿಗಳದು ಹದಿನಾರು ಮೂಲೆಯ ನಕ್ಷತ್ರದ ವಿನ್ಯಾಸ. ಗೋಡೆ ಒಳಗೆ ಹೊರಗೆ ಮಡಚುತ್ತಾ ಹೋಗುತ್ತದೆ, ಗುಡಿ ನಿಂತಿರುವ ಕಟ್ಟೆ, ಅಂದರೆ ಜಗತಿಯೂ ಅದರ ಹಿಂದೆಯೇ ಮಡಚುತ್ತದೆ. ಆ ಮಡಿಕೆಗಳ ಓರೆ ಅಂಚುಗಳನ್ನು ಮಟ್ಟಕ್ಕೆ ತರಲು ಹೊರಟರೆ ಇಡೀ ಚಿತ್ರ ಒಂದು ಪಕ್ಕಕ್ಕೆ ತಿರುಚುತ್ತದೆ.

ಹಾಗಾಗಿ ಗುಂಡಿ ಬಿಟ್ಟು, ಗೆರೆಗಳನ್ನು ಕೈಯಲ್ಲೇ ಎಳೆದೆ. ಹೊಯ್ಸಳ ಗುಡಿಯಲ್ಲಿ ನಿಜವಾಗಿ ನೆಟ್ಟಗಿರುವುದು ಏನು ಎಂದು ಹುಡುಕುವುದೇ ಒಂದು ಚೆಂದದ ಕೆಲಸ. ಬಾಗಿಲವಾಡ ನೆಟ್ಟಗಿದೆ. ಮುಂದಿನ ಜಾಲಂಧ್ರಗಳ (ಕಲ್ಲಿನ ಜಾಲರಿ ಕಿಟಕಿಗಳ) ನಡುವಿನ ಕಂಬಗಳು ನೆಟ್ಟಗಿವೆ. ಗೋಡೆಯ ಅರೆಗಂಬಗಳು ನೆಟ್ಟಗಿವೆ. ಅದರಿಂದ ಮೇಲೆ ನಂಬಿಕೆಗೆ ಅರ್ಹವಾದ ಗೆರೆಯಿಲ್ಲ. ಬಾಗಿಲಿನ ಎರಡು, ಇಕ್ಕೆಲದ ಕಂಬಗಳ ಎರಡು, ಹೀಗೆ ನಾಲ್ಕೇ ಗೆರೆ ಕೊಟ್ಟು, ಅಡ್ಡಗೆರೆ ಒಂದೂ ಕೊಡದೆ ತಿದ್ದಿಸಿದೆ. ಗೋಪುರ ತನ್ನ ಆಕಾರಕ್ಕೆ ಮರಳಿತು.

ಎರಡನೇ ಭೇಟಿಯಲ್ಲಿ ಇದರ ಅಗತ್ಯವೂ ಬಹುಪಾಲು ತಪ್ಪಿತು. ಜನವರಿಯ ಒಂದು ಬೆಳಿಗ್ಗೆ, ಬಾಗಿಲು ತೆಗೆದ ಹೊತ್ತಿಗೇ ಹೋಗಿ, ಮಹಾದ್ವಾರದ ಎತ್ತರದ ನೆಲದ ಮೇಲೆ ನಿಂತು, ಪರದೆಯ ಮೇಲಿನ ಮಟ್ಟಸೂಚಕ ಹಸಿರಾಗುವವರೆಗೆ ಕ್ಯಾಮೆರಾವನ್ನು ಒಂದಿಷ್ಟೂ ಎತ್ತದೆ ಹಿಡಿದೆ. ಚಿತ್ರದ ಕೆಳಗಿನ ಮೂರನೇ ಒಂದು ಭಾಗ ಬರೀ ಅಂಗಳದ ಹುಲ್ಲು, ಕಾಲುದಾರಿ. ನೋಡಿದವರಿಗೆ ದಡ್ಡರು ತೆಗೆದ ಚಿತ್ರ ಅನ್ನಿಸಬೇಕು. ಆ ಭಾಗ ಕತ್ತರಿಸಿದ ಮೇಲೂ ಅಗಲದಲ್ಲಿ 5472 ಬಿಂದುಗಳು (ಪಿಕ್ಸೆಲ್) ಹಾಗೇ ಉಳಿದವು. ಎ2 ಹಾಳೆಯ ಉದ್ದ 59.4 ಸೆಂಮೀ, ಇಂಚಿಗೆ ಸುಮಾರು 234 ಬಿಂದು ಬಿತ್ತು. ಒಂದು ಮಾರು ದೂರದಿಂದ ನೋಡುವ ಫಲಕಕ್ಕೆ ಇದು ಧಾರಾಳ. ಕತ್ತರಿಸಿ ಖಾಲಿಯಾದ ಜಾಗದಲ್ಲಿ ಮೇಷ್ಟ್ರ ವಿವರಣೆ ಕುಳಿತಿತು: 1268, ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲ, ಕಟ್ಟಿಸಿದವನು ದಂಡನಾಯಕ ಸೋಮನಾಥ.

ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರದ ಅಳತೆ, ಎಫ್/4 (ಅಂಕಿ ದೊಡ್ಡದಾದಷ್ಟೂ ರಂಧ್ರ ಚಿಕ್ಕದು). ಚಿಕ್ಕ ಸೆನ್ಸರಿನ ಒಂದು ಪುಣ್ಯ ಇದು: ಅಗಲ ಕೋನದಲ್ಲಿ ಎಫ್/4 ಇಟ್ಟು ಎರಡೂವರೆ ಮೀಟರಿಗೆ ಫೋಕಸ್ ಮಾಡಿದರೆ ಸುಮಾರು ಒಂದೂಕಾಲು ಮೀಟರಿನಿಂದ ಕಣ್ಣು ಹೋಗುವಷ್ಟು ದೂರದವರೆಗೆ ಎಲ್ಲವೂ ಚೊಕ್ಕ. ದೊಡ್ಡ ಕ್ಯಾಮೆರಾದ ಅಭ್ಯಾಸಬಲದಿಂದ ಎಫ್/11ಕ್ಕೆ ಇಳಿಸಿದರೆ ಇಲ್ಲಿ ಕೆತ್ತನೆಯ ಅಂಚು ಮೆತ್ತಗಾಗುತ್ತದೆ, ಏಕೆಂದರೆ ಬಿಂದುಗಳು ತೀರಾ ಚಿಕ್ಕವು, ಸಣ್ಣ ರಂಧ್ರದಲ್ಲಿ ಹರಡಿದ ಬೆಳಕು ಪಕ್ಕದ ಬಿಂದುಗಳಿಗೂ ಚೆಲ್ಲುತ್ತದೆ.

ಪ್ರವಾಸಿಗರನ್ನು ಚಿತ್ರದಿಂದ ತೆಗೆಯಲು ಅಳಿಸುವ ಬ್ರಷ್ ಮುಟ್ಟಲಿಲ್ಲ. ಅದೇ ಜಾಗದಿಂದ ಅರ್ಧ ನಿಮಿಷಕ್ಕೊಂದರಂತೆ ಒಂಬತ್ತು ಚಿತ್ರ ತೆಗೆದು, ಚಿತ್ರಗಳನ್ನು ಜೋಡಿಸುವ ಹ್ಯೂಗಿನ್ ಎಂಬ ತಂತ್ರಾಂಶದಲ್ಲಿ ಒಂದರ ಮೇಲೊಂದು ಸರಿಹೊಂದಿಸಿ, ಪ್ರತಿ ಬಿಂದುವಿಗೂ ಒಂಬತ್ತರಲ್ಲಿ ನಡುವಿನ ಬೆಲೆ ಆರಿಸಿದರೆ ಓಡಾಡಿದವರೆಲ್ಲ ಮಾಯ. ಕಲ್ಲು ಮಾತ್ರ ಒಂಬತ್ತರಲ್ಲೂ ಇದ್ದಲ್ಲೇ ಇರುತ್ತದಲ್ಲ. ಕೆಂಪು ಅಂಗಿಯ ಹುಡುಗನೊಬ್ಬ ಜಗತಿಯ ಮೆಟ್ಟಿಲ ಮೇಲೆ ಕುಳಿತು ನಾಲ್ಕು ನಿಮಿಷವೂ ಸೆಲ್ಫಿ ತೆಗೆದುಕೊಂಡ. ಅವನು ಉಳಿದ. ಫಲಕದಲ್ಲಿ ಈಗಲೂ ಇದ್ದಾನೆ, ಗುಡಿಯ ಎತ್ತರ ಎಷ್ಟೆಂದು ಹೇಳುವ ಅಳತೆಗೋಲಾಗಿ.

ನೆಲದ ಮೇಲೆ ಮಲಗಿದ ಕ್ಯಾಮೆರಾ

ಒಳಗೆ ಕತ್ತಲೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲು ಮೊದಲೇ ಅನುಮತಿ ಬೇಕು. ಐದು ಚಿತ್ರಕ್ಕಾಗಿ ಅರ್ಜಿ ಹಿಡಿದು ಓಡಾಡುವ ಉಸಾಬರಿ ನನಗೆ ಬೇಡವಾಗಿತ್ತು. ಭುವನೇಶ್ವರಿಗೆ ಅದರ ಅಗತ್ಯವೂ ಇಲ್ಲ. ನವರಂಗದ (ಗರ್ಭಗುಡಿಗಳ ಮುಂದಿನ ಕಂಬಗಳ ಮಂಟಪದ) ಅಂಕಣಗಳ ಮಧ್ಯದಲ್ಲಿ ಕರವಸ್ತ್ರ ಮಡಚಿ ಹಾಸಿ, ಕ್ಯಾಮೆರಾವನ್ನು ಅಂಗಾತ ಮಲಗಿಸಿ, ಹತ್ತು ಸೆಕೆಂಡಿನ ಟೈಮರ್ ಒತ್ತಿ, ಕಡೆದ ಕಂಬದ ಹಿಂದೆ ಸರಿದು ನಿಂತರೆ ಆಯಿತು. ಸೂರಿನಷ್ಟು ಕದಲದ ವಸ್ತು ಇನ್ನೊಂದಿಲ್ಲ. ಎರಡು ಸೆಕೆಂಡು ತೆರೆದಿಟ್ಟರೂ ಸರಿ. ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಹೇಳುವ ಐಎಸ್‌ಓವನ್ನು 125ಕ್ಕೆ ಇಳಿಸಿದೆ.

ತೊಡಕು ಒಂದೇ, ಪರದೆ ಕೆಳಮುಖ. ಏನು ಕಾಣುತ್ತಿದೆ ಎಂದು ತಿಳಿಯದೆ ಒತ್ತಬೇಕು, ಎತ್ತಿ ನೋಡಬೇಕು, ಬೆರಳಗಲ ಸರಿಸಬೇಕು. ನಾನು ಆರಿಸಿದ್ದು ಬಾಳೆಮೊಗ್ಗು ಇಳಿಬಿದ್ದ ಸೂರು. ಕ್ಯಾಮೆರಾ ಮೊಗ್ಗಿನ ನೇರ ಕೆಳಗೆ ಇಲ್ಲದಿದ್ದರೆ ಮೊಗ್ಗು ಒಂದು ಕಡೆ ವಾಲುತ್ತದೆ, ಅದನ್ನು ಯಾವ ಎಡಿಟಿಂಗೂ ಸರಿಮಾಡದು. ಹದಿನೇಳನೇ ಸಲಕ್ಕೆ ಸರಿಯಾಯಿತು. ಕಾವಲಿನವರು ಬಂದು "ಏನು ಬಿದ್ದೋಯ್ತಾ ಸಾರ್?" ಅಂತ ಕೇಳಿ ಹೋದರು.

ಮೊಗ್ಗಿನ ತುದಿಗೂ ಸೂರಿನ ಮೂಲೆಯ ಕತ್ತಲಿಗೂ ಬೆಳಕಿನ ಅಂತರ ಹೆಚ್ಚು. ಬೇರೆಬೇರೆ ಬೆಳಕಿನಲ್ಲಿ ಸಾಲಾಗಿ ತೆಗೆಯುವ ಈ ಕ್ಯಾಮೆರಾದ ಬ್ರಾಕೆಟಿಂಗ್ ಮೂರು ಚಿತ್ರಕ್ಕೆ 0.7 ಸ್ಟಾಪಿನಷ್ಟೇ ಹೆಜ್ಜೆ ಇಡುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಅದು ಎಲ್ಲಿಗೂ ಸಾಲದು. ಮ್ಯಾನ್ಯುಯಲ್‌ಗೆ ಹಾಕಿ ಅರ್ಧ ಸೆಕೆಂಡು, ಎರಡು, ಎಂಟು, ಹೀಗೆ ಮೂರು ತೆಗೆದೆ. ಒತ್ತಲು ಮುಟ್ಟಿದಾಗಲೆಲ್ಲ ಕ್ಯಾಮೆರಾ ಕೂದಲೆಳೆಯಷ್ಟು ಸರಿಯುತ್ತದೆ, ಆದರೆ ಹ್ಯೂಗಿನ್ ಅಷ್ಟನ್ನು ಸರಿಹೊಂದಿಸುತ್ತದೆ. ಮೂರನ್ನೂ ಬೆರೆಸುವಾಗ ಎಚ್‌ಡಿಆರ್ (ಹೀಗೆ ಹಲವು ಬೆಳಕಿನ ಚಿತ್ರ ಬೆರೆಸುವ ವಿಧಾನ) ಎಂದ ಕೂಡಲೇ ಬರುವ ಆ ಮಿಂಚುವ, ಎಣ್ಣೆ ಸವರಿದ ಕಲ್ಲಿನ ನೋಟದ ಹತ್ತಿರವೂ ಸುಳಿಯಬಾರದೆಂದು ಮೂಲೆಗಳನ್ನು ಕತ್ತಲಾಗಿಯೇ ಬಿಟ್ಟೆ. ನವರಂಗದಲ್ಲಿ ನಿಂತು ತಲೆಯೆತ್ತಿದವನಿಗೆ ಮೂಲೆಗಳು ಕತ್ತಲಾಗಿಯೇ ಕಾಣುತ್ತವೆ.

ವೇಣುಗೋಪಾಲನ ಚಿತ್ರ ಹೇಳಿಕೊಳ್ಳುವಂತೆ ಬರಲಿಲ್ಲ. ದಕ್ಷಿಣದ ಗರ್ಭಗುಡಿಯ ಹೊಸ್ತಿಲಾಚೆ ನಿಂತು ಜೂಮ್ ಮಾಡಿದರೆ ಲೆನ್ಸಿನ ಬೆಳಕು ಬತ್ತುತ್ತದೆ, 28ರಲ್ಲಿ ಎಫ್/1.8 ಇದ್ದದ್ದು 100ಕ್ಕೆ ಹೋದರೆ ಎಫ್/4.9. ಅಗಲ ಕೋನದಲ್ಲೇ ಎಂಟು ಚಿತ್ರ ಸರಸರನೆ ತೆಗೆದು ಸರಾಸರಿ ಮಾಡಿದೆ. ಕತ್ತಲಲ್ಲಿ ಬರುವ ಕಾಳುಕಾಳು ಗದ್ದಲ (ನಾಯ್ಸ್) ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯಿತು. ವಿಗ್ರಹ ಚಿತ್ರದ ನಡುವೆ ಚಿಕ್ಕದಾಗಿಯೇ ಉಳಿಯಿತು, ಸುತ್ತಲಿನ ಬಾಗಿಲವಾಡಕ್ಕೇ ಹೆಚ್ಚು ಜಾಗ. ದೀಪದ ಹಳದಿಯನ್ನೂ ಬಾಗಿಲಿನಿಂದ ಬಂದ ಹಗಲ ನೀಲಿಯನ್ನೂ ಬೇರೆಬೇರೆಯಾಗಿ ತಿದ್ದಿದೆ. ಮೇಷ್ಟ್ರಿಗೆ ಅದೇ ಎಲ್ಲಕ್ಕಿಂತ ಇಷ್ಟವಾಯಿತಂತೆ. ನಾನು ವಾದಿಸಲಿಲ್ಲ.

"ಮ"

ಸೋಮನಾಥಪುರದ ಸುಮಾರು 40 ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮನ ಹೆಸರಿದೆ. ಮಸಣಿತಮ್ಮ, ಚಾಮೆಯ, ರಾಮೆಯರಂಥ ಬೇರೆಯವರ ಸಹಿಗಳೂ ಇವೆ. ಎಷ್ಟೋ ಕಡೆ ಮಲ್ಲಿತಮ್ಮ ಪೂರ್ತಿ ಹೆಸರು ಬರೆಯುವ ಗೋಜಿಗೂ ಹೋಗದೆ "ಮಲ್ಲಿ" ಎಂದೋ ಬರೀ "ಮ" ಎಂದೋ ಕೊರೆದು ಬಿಟ್ಟಿದ್ದಾನೆ. ಮಕ್ಕಳಿಗೆ ಇದನ್ನು ತೋರಿಸಬೇಕು ಎಂಬುದೇ ಮೇಷ್ಟ್ರ ಮುಖ್ಯ ಆಸೆ: ಏಳೂವರೆ ಶತಮಾನದ ಹಿಂದಿನ ಮನುಷ್ಯನ ಅಕ್ಷರ, ತಾವು ಓದಬಲ್ಲ ಅಕ್ಷರ.

ಅಕ್ಷರಗಳ ಆಳ ಕಡಿಮೆ, ಎದುರಿನಿಂದ ನೋಡಿದರೆ ಕಾಣುವುದೇ ಇಲ್ಲ. ಕೆಲವರು ಸುಣ್ಣದ ಪುಡಿ, ಸೀಮೆಸುಣ್ಣ ಉಜ್ಜಿ ಎದ್ದು ಕಾಣುವಂತೆ ಮಾಡುವುದನ್ನು ಬೇರೆ ಕಡೆ ನೋಡಿದ್ದೇನೆ. ಕಲ್ಲಿಗೆ ಅದು ಒಳ್ಳೆಯದಲ್ಲ, ಮುಂದೆ ಬರುವವನಿಗೂ ಒಳ್ಳೆಯದಲ್ಲ. ನಾನು ಅಂಗಡಿಯಿಂದ ಒಂದು ದಪ್ಪ ಬಿಳಿ ಡ್ರಾಯಿಂಗ್ ಹಾಳೆ ಒಯ್ದಿದ್ದೆ. ಜೊತೆಗೆ ಬಂದಿದ್ದ ತಂಗಿಯ ಮಗ ಬಿಸಿಲಿರುವ ಕಡೆ ನಿಂತು ಹಾಳೆಯನ್ನು ಓರೆಯಾಗಿ ಹಿಡಿದ, ಹಾಳೆಯಿಂದ ಚಿಮ್ಮಿದ ಬೆಳಕು ಪೀಠವನ್ನು ಪಕ್ಕದಿಂದ ಸವರಿಕೊಂಡು ಹೋಯಿತು. ಕೊರೆದ ಗೆರೆಯ ಒಂದು ಅಂಚು ಬೆಳಗಿ, ಇನ್ನೊಂದು ಅಂಚು ನೆರಳಾಗಿ, "ಮ" ಎದ್ದು ಬಂತು. ಈ ಕ್ಯಾಮೆರಾ ಅಗಲ ಕೋನದಲ್ಲಿ 5 ಸೆಂಮೀವರೆಗೂ ಹತ್ತಿರ ಹೋಗಬಲ್ಲದು, ಆದರೆ ಅಷ್ಟು ಹತ್ತಿರ ಹೋದರೆ ಕ್ಯಾಮೆರಾದ ನೆರಳೇ ಅಕ್ಷರದ ಮೇಲೆ ಕೂರುತ್ತದೆ. ಅರ್ಧ ಮೀಟರು ಹಿಂದೆ ಸರಿದು ಜೂಮ್ ಮಾಡಿದ್ದು ಕೆಲಸಕ್ಕೆ ಬಂತು.

ಇದರ ಎಡಿಟಿಂಗ್ ಎರಡು ನಿಮಿಷದ್ದು. ಜೇಪೆಗ್ ಬಿಟ್ಟು, ಸೆನ್ಸರ್ ಕಂಡದ್ದನ್ನು ತಿದ್ದದೆ ಇಡುವ ರಾ ಫೈಲಿನಿಂದ ಶುರುಮಾಡಿದೆ ಅಷ್ಟೇ, ಏಕೆಂದರೆ ಜೇಪೆಗ್‌ನಲ್ಲಿ ಕ್ಯಾಮೆರಾ ತಾನೇ ಗದ್ದಲ ಅಳಿಸುವ ಭರದಲ್ಲಿ ಕಲ್ಲಿನ ಒರಟುತನವನ್ನೂ ಸೋಪು ಹಚ್ಚಿ ತೊಳೆದುಬಿಡುತ್ತದೆ. ಬಣ್ಣಕ್ಕೆ ಬೂದು ಕಾರ್ಡ್ ಹಿಡಿದು ತೆಗೆದ ಒಂದು ಚಿತ್ರ ಸಾಕಾಯಿತು. ನೆರಳಿನಲ್ಲಿ ಆಟೋ ವೈಟ್ ಬ್ಯಾಲೆನ್ಸ್ ಕಲ್ಲನ್ನು ನೀಲಿ ಮಾಡುತ್ತದೆ, ಅದಕ್ಕೆ ಸಿಟ್ಟು ಬಂದು "ನೆರಳು" ಎಂಬ ಆಯ್ಕೆ ಒತ್ತಿದರೆ ಕಾಫಿ ಬಣ್ಣ. ಈ ಕಲ್ಲು ಎರಡೂ ಅಲ್ಲ, ಹಸಿರು ಬೆರೆತ ಬೂದು.

ಮೇ ತಿಂಗಳ ಬಿಸಿಲು

ಉಳಿದದ್ದು ಉತ್ತರ ಗೋಡೆ. ಜನವರಿಯಲ್ಲೂ ಅದು ನೆರಳಲ್ಲೇ ಇತ್ತು. ಆಗ ಪಂಚಾಂಗದ ಬುದ್ಧಿ ಉಪಯೋಗಿಸಿದೆ. ಸೋಮನಾಥಪುರ ಇರುವುದು ಹನ್ನೆರಡು ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಮೂರನೇ ವಾರ ಕಳೆಯುವಾಗ ಸೂರ್ಯ ನಡುನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಮತ್ತೆ ನೆತ್ತಿಗೆ ಬರುವುದು ಆಗಸ್ಟ್ ಮೂರನೇ ವಾರದಲ್ಲಿ. ಆ ನಾಲ್ಕು ತಿಂಗಳು ಉತ್ತರ ಗೋಡೆಗೆ ಬಿಸಿಲಿದೆ. ಅದರಲ್ಲಿ ಮಳೆ, ಮೋಡದ ದಿನ ಕಳೆದರೆ ಉಳಿಯುವುದು ಮೇ. ದಕ್ಷಿಣ ಭಾರತದ ಗುಡಿಗಳ ಚಿತ್ರ ತೆಗೆಯುವವರು ಚಳಿಗಾಲದ ತಿಳಿಬೆಳಕು ಎಂದು ಹಂಬಲಿಸುತ್ತಾರೆ. ಉತ್ತರ ಗೋಡೆ ಬೇಕಾದವನು ಸೆಕೆಯಲ್ಲಿ ಬೇಯಬೇಕು.

ಮೇ ಮೂರನೇ ವಾರ, ಬೆಳಿಗ್ಗೆ ಒಂಬತ್ತು. ಸೂರ್ಯ ಪೂರ್ವಕ್ಕಿಂತ ಹದಿನೈದಿಪ್ಪತ್ತು ಡಿಗ್ರಿ ಉತ್ತರಕ್ಕೆ. ಅಂದರೆ ಬಿಸಿಲು ಗೋಡೆಯನ್ನು ಎದುರಿನಿಂದ ಹೊಡೆಯದೆ ಉದ್ದಕ್ಕೂ ಉಜ್ಜಿಕೊಂಡು ಹೋಗುತ್ತದೆ. ಡಿಸೆಂಬರಿನಲ್ಲಿ ಕಾಗದದಂತಿದ್ದ ಆನೆಗಳ ಹೊಟ್ಟೆ ಈಗ ದುಂಡಗಾಗಿತ್ತು. ರಥದ ಗಾಲಿಯ ಅರಗಳ ನಡುವೆ ನೆರಳು. ಒಬ್ಬ ಬಿಲ್ಲುಗಾರನ ಮೊಣಕೈ ಗೋಡೆಯಿಂದ ಎಷ್ಟು ಈಚೆಗಿದೆ ಎಂದು ಅವತ್ತು ನನಗೆ ಗೊತ್ತಾಯಿತು.

ಆದರೆ ನಕ್ಷತ್ರದ ಗೋಡೆ ಸುಲಭಕ್ಕೆ ಬಗ್ಗುವುದಿಲ್ಲ. ಒಂದೊಂದು ಮುಖ ಒಂದೊಂದು ದಿಕ್ಕಿಗೆ. ಒಂಬತ್ತಕ್ಕೆ ಬೆಳಗಿದ ಮುಖದ ಪಕ್ಕದ್ದು ಪೂರ್ತಿ ನೆರಳು, ಅದಕ್ಕೆ ಬಿಸಿಲು ತಲುಪುವುದು ಮಧ್ಯಾಹ್ನ ತಿರುಗಿದ ಮೇಲೆ. ಇಡೀ ಪಟ್ಟಿಕೆಯನ್ನು ಜಗತಿಯ ಮೇಲೆ ನಡೆಯುತ್ತಾ ತೆಗೆದು ಪನೋರಮಾ ಹೊಲಿಯುವ ನನ್ನ ಯೋಜನೆ ಅಲ್ಲೇ ಸತ್ತಿತು; ಸಮತಟ್ಟಲ್ಲದ ಗೋಡೆಯನ್ನು ಹೊಲಿದರೆ ಮಡಿಕೆ ಇರುವಲ್ಲೆಲ್ಲ ಆನೆಗೆ ಎರಡು ಸೊಂಡಿಲು ಬರುತ್ತದೆ. ಜಗತಿಯ ಮೇಲೆ ಹಿಂದೆ ಸರಿಯಲು ಜಾಗವೂ ಕಡಿಮೆ. ಕೊನೆಗೆ ಪ್ರಾಕಾರದ 64 ಕೋಣೆಗಳ ಮುಂದಿನ ಕೈಸಾಲೆಗೆ ಹತ್ತಿದೆ. ಅಂಗಳಕ್ಕಿಂತ ಎತ್ತರದ ನೆಲ, ತಲೆಯ ಮೇಲೆ ನೆರಳು, ಒರಗಲು ಕಂಬ. ಅಲ್ಲಿಂದ 100ರ ಜೂಮ್‌ನಲ್ಲಿ ಒಂದೊಂದು ಮುಖವನ್ನೂ ಅದರ ನೇರ ಎದುರಿಗೆ ಬರುವ ಕಂಬದಿಂದ, ಅದಕ್ಕೆ ಬಿಸಿಲು ಬರುವ ಗಳಿಗೆಗೆ ಕಾದು ತೆಗೆದೆ. ಹತ್ತು ಮುಖ, ಸಂಜೆ ನಾಲ್ಕೂವರೆವರೆಗೆ. ಮಧ್ಯೆ ಎರಡು ಎಳನೀರು, ಒಂದು ನಿದ್ದೆ.

ಮೊದಲು ಅಚ್ಚು ಹಾಕಿಸಿದ್ದು ಕಪ್ಪಾಗಿ ಬಂತು. ರಾತ್ರಿ ದೀಪ ಆರಿಸಿ, ಲ್ಯಾಪ್‌ಟಾಪ್ ಪರದೆಯನ್ನು ಪೂರ್ತಿ ಬೆಳಕಿನಲ್ಲಿಟ್ಟು ತಿದ್ದಿದ್ದರ ಫಲ. ಪರದೆಯ ಹೊಳಪನ್ನೇ ಚಿತ್ರದ ಬೆಳಕೆಂದು ನಂಬಿದ್ದೆ. ಪರದೆ ಅರ್ಧಕ್ಕೆ ಇಳಿಸಿ, ಮತ್ತೆ ತಿದ್ದಿ, ಗೇಣಗಲದ ಒಂದು ಪಟ್ಟಿಯನ್ನು ಮಾತ್ರ ಪರೀಕ್ಷೆಗೆ ಹಾಕಿಸಿ ನೋಡಿದ ಮೇಲೆ ಉಳಿದದ್ದು ಸರಿಹೋಯಿತು.

ಐದನೇ ಫಲಕದಲ್ಲಿ ಹತ್ತು ಮುಖಗಳನ್ನು ನಾನು ಗುಡಿ ಸುತ್ತಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿ ಜೋಡಿಸಿದ್ದೆ. ಮೇಷ್ಟ್ರು ಗಮಕ ಹಾಡುವವರು, ಭಾರತದ ಕಥೆ ಅವರಿಗೆ ಬಾಯಿಪಾಠ. ಕನ್ನಡಕ ಹಾಕಿಕೊಂಡು ಪಟ್ಟಿಕೆಯ ಮೇಲೆ ಬೆರಳಿಟ್ಟು ಓದುತ್ತಾ ಹೋದವರು ಮೂರನೇ ಚಿತ್ರಕ್ಕೆ ನಿಂತರು. "ಇದು ಹಿಂದುಮುಂದಾಗಿದೆ. ನೀನು ಯಾವ ಕಡೆಯಿಂದ ಸುತ್ತಿದೆ?" ನಾನು ಪ್ರದಕ್ಷಿಣೆಯಾಗಿಯೇ ಸುತ್ತಿದ್ದೆ, ಗುಡಿ ಬಲಕ್ಕೆ. ಹಾಗೆ ನಡೆಯುವವನು ನಿಂತು ಗೋಡೆಗೆ ಮುಖ ಮಾಡಿದರೆ, ಮುಂದೆ ಬರಬೇಕಾದದ್ದು ಅವನ ಎಡಗಡೆ ಇರುತ್ತದೆ. ಕಥೆ ಗೋಡೆಯ ಮೇಲೆ ಬಲದಿಂದ ಎಡಕ್ಕೆ ಸಾಗುತ್ತದೆ. ಪುಸ್ತಕ ಓದುವ ಕಣ್ಣು ಅದನ್ನು ಉಲ್ಟಾ ಜೋಡಿಸಿತ್ತು.

ಹತ್ತು ಫೈಲುಗಳ ಕ್ರಮ ತಿರುಗಿಸಿ, ಕೆಳಗೆ ಎಡಕ್ಕೆ ತೋರುವ ಒಂದು ಬಾಣದ ಗುರುತು ಹಾಕಿ, ಫಲಕವನ್ನು ಮತ್ತೆ ಅಚ್ಚಿಗೆ ಕಳಿಸಿದೆ. ಆ ಎರಡನೇ ಫ್ಲೆಕ್ಸಿನ ದುಡ್ಡು ಮೇಷ್ಟ್ರು ತಾವೇ ಕೊಟ್ಟರು.